ಸೊನ್ನೆ ಎಂದರೆ ಶುದ್ಧ ನೀರು

"ಇದನ್ನ ಬರೆದವರು ನೀವೇ ತಾನೇ?"

ಗ್ರಂಥಾಲಯದ ಕಂಪ್ಯೂಟರ್ ಕೋಣೆಗೆ ನುಗ್ಗಿದವಳು ಪತ್ರಿಕೆಯ ತುಣುಕೊಂದನ್ನು ಮೇಜಿನ ಮೇಲೆ ಬಡಿದಳು. ಮಕ್ಕಳಿಗೆ ಕಂಪ್ಯೂಟರ್ ಕಲಿಸುವ ಯುವಕ ಬೆಚ್ಚಿ ತಲೆಯೆತ್ತಿದ.

'ಇಷ್ಟು ಸೌಮ್ಯ ಮುಖದವನಾ ನನ್ನ ಹೊಟ್ಟೆಯ ಮೇಲೆ ಹೊಡೆದದ್ದು?'

"ತಿಂಗಳಲ್ಲಿ ಇಪ್ಪತ್ತು ದಿನ ನಲ್ಲಿ ನೀರಿನ ಪರೀಕ್ಷೆಯೇ ಆಗ್ತಿಲ್ಲ... ಹೌದು, ನಾನೇ ಬರೆದಿದ್ದು," ಎಂದ ಅವನು ತುಣುಕನ್ನು ಓದಿ.

"ದಿನಾ ಬೆಳಗ್ಗೆ ಹನ್ನೆರಡು ನಲ್ಲಿ ಸುತ್ತಿ ನೀರು ಹಿಡಿದು, ಪರೀಕ್ಷೆ ಮಾಡ್ಸೋಳು ನಾನು! ನಿಮ್ಮಿಂದ ನನಗೆ ನೋಟಿಸ್ ಬಂದಿದೆ. ಸೋಮವಾರ ಉತ್ತರ ಕೊಡದಿದ್ರೆ ಕೆಲಸ ಹೋಗುತ್ತೆ!"

ಸರ್ಕಾರ ಎಲ್ಲರಿಗೂ ತೆರೆದಿಟ್ಟ ಅಂಕಿ-ಅಂಶಗಳನ್ನು ಒಂದೇ ಸಾಲಿನ ಆಜ್ಞೆ ಕೊಟ್ಟರೆ ತಂದುಕೊಡುವ ಸಣ್ಣ ತಂತ್ರಾಂಶವೊಂದನ್ನು, ಒಂದು ಪ್ಯಾಕೇಜನ್ನು, ಅವನು ತಯಾರಿಸಿದ್ದ. ಅದನ್ನೇ ತೆರೆದು ತೋರಿಸಿದ. "ನೋಡಿ, ಇಲ್ಲೆಲ್ಲ ಖಾಲಿ..."

ಅವಳು ಮೊಬೈಲಿನಲ್ಲಿ ಇಲಾಖೆಯ ಪುಟ ತೆಗೆದಳು. "ಎಲ್ಲಿದೆ ಖಾಲಿ? ಸೊನ್ನೆ ಇದೆ! ಸೊನ್ನೆ ಅಂದ್ರೆ ನೀರಲ್ಲಿ ರೋಗಾಣು ಇಲ್ಲ ಅಂತ!"

ಅವನ ಮುಖ ಪೆಚ್ಚಾಯಿತು. ಸೊನ್ನೆ ಕಂಡಲ್ಲೆಲ್ಲ 'ಮಾಹಿತಿ ಇಲ್ಲ' ಎಂದು ಅಳಿಸಲು ಪ್ಯಾಕೇಜಿಗೆ ಹೇಳಿಕೊಟ್ಟವನು ಅವನೇ. ಅವಳ ಒಳ್ಳೆಯ ದಿನಗಳನ್ನೆಲ್ಲ ತಾನೇ ಒರೆಸಿಹಾಕಿದ್ದ!

"ತಪ್ಪು ನಂದೇ... ದಯವಿಟ್ಟು ಕ್ಷಮಿಸಿ."

'ಬಾಯಿಮಾತಿಗೇನು ಕಡಿಮೆ!' ಎಂದುಕೊಂಡು ಅವಳು ಹೊರಟೇಬಿಟ್ಟಳು.

ಸೋಮವಾರ ಅವಳು ಅಧಿಕಾರಿಯ ಕೋಣೆಗೆ ಹೋದರೆ, ಆ ಯುವಕ ಆಗಲೇ ಅಲ್ಲಿ ನಿಂತಿದ್ದ!

"ಸಾರ್, ಪ್ಯಾಕೇಜ್ ತಿದ್ದಿದ್ದೀನಿ. ನನ್ನದೇ ತಪ್ಪು ಅಂತ ಅದರ ಮೊದಲ ಪುಟದಲ್ಲೇ ಹಾಕಿದ್ದೀನಿ. ಇವರು ಒಂದು ದಿನವೂ ಪರೀಕ್ಷೆ ತಪ್ಪಿಸಿಲ್ಲ."

ನೋಟಿಸ್ ಅಲ್ಲೇ ರದ್ದಾಯಿತು. ಆರು ವರ್ಷದ ಕೆಲಸಕ್ಕೆ ಮೊದಲ ಬಾರಿ ಯಾರೋ ಸಾಕ್ಷಿ ನಿಂತಿದ್ದರು. ಅವಳ ಕಣ್ಣು ತುಂಬಿ ಬಂತು.

ಮರುದಿನ ಬೆಳಗ್ಗೆ ಮೊದಲ ನಲ್ಲಿಯ ಹತ್ತಿರ ಅವನು ಹಾಜರ್! "ಏನೂ ತಿಳಿಯದೆ ಬರೆದೆ. ಈಗಲಾದ್ರೂ ಕಲಿಸಿ."

ಹೊರಗಿನ ರೋಗಾಣು ಸಾಯಲೆಂದು ನಲ್ಲಿಯ ಬಾಯಿಗೆ ಬೆಂಕಿ ತೋರಿಸಿ, ಸ್ವಲ್ಪ ಹೊತ್ತು ನೀರು ಹರಿಯಬಿಟ್ಟು, ಆಮೇಲೆ ಸೀಸೆ ಹಿಡಿಯುವುದನ್ನು ಅವಳು ಕಲಿಸಿದಳು. ಸೀಸೆಗಳ ಪೆಟ್ಟಿಗೆ ಹೊರುವ ಕೆಲಸ ದಿನವೂ ಅವನದಾಯಿತು.

"ನಲ್ಲಿ ನೋಡೋಕೆ ಹೋಗೋಳಿಗೆ ಕನ್ನಡಿ ಮುಂದೆ ಅರ್ಧ ಗಂಟೆ ಯಾಕಮ್ಮಾ?" ಎಂದು ಅಮ್ಮ ಕಾಲೆಳೆದರೆ, "ಹೋಗಮ್ಮಾ!" ಎಂದು ಓಡುತ್ತಿದ್ದಳು.

ಹದಿನೈದನೆಯ ದಿನ ಕೊನೆಯ ನಲ್ಲಿಯ ಬಳಿ ಅವಳೇ ಕೇಳಿದಳು, "ಇನ್ನೂ ಏನು ಕಲಿಯೋದು ಬಾಕಿ ಇದೆ ಮೇಷ್ಟ್ರೇ?"

"ಏನೂ ಇಲ್ಲ. ಮೂರೇ ದಿನಕ್ಕೆ ಕಲಿತೆ."

"ಮತ್ತೆ?"

"ನೀವಂದ್ರೆ ನಂಗೆ ತುಂಬಾ ಇಷ್ಟ. ಹೇಳೋಕೆ ಧೈರ್ಯ ಸಾಲಲಿಲ್ಲ..."

ಸೀಸೆ ತುಂಬಿ ನೀರು ಅವಳ ಕೈಮೇಲೆ ಹರಿಯುತ್ತಿತ್ತು. ಅವಳಿಗೆ ಅದರ ಪರಿವೆಯೇ ಇರಲಿಲ್ಲ.

"ಊರಿಗೆಲ್ಲ ಕಾಣೋ ಹಾಗೆ ತಪ್ಪು ಒಪ್ಪಿಕೊಂಡೋರಿಗೆ ಇಷ್ಟಕ್ಕೆ ಧೈರ್ಯ ಇಲ್ವಾ?"

"ಅಲ್ಲಿ ಹೋಗೋದು ನನ್ನ ಮರ್ಯಾದೆ ಮಾತ್ರ. ಇಲ್ಲಿ ನೀವೇ ಹೋಗ್ಬಿಟ್ರೆ?"

"ಎಲ್ಲಿಗೆ ಹೋಗ್ಲಿ?" ಅವಳು ನಲ್ಲಿ ನಿಲ್ಲಿಸಿದಳು. "ನಂಗೂ ನೀವಂದ್ರೆ ಇಷ್ಟಾನೇ."

"ನಿಜವಾಗ್ಲೂ?"

"ನಿಜವಾಗ್ಲೂ! ಪೆಟ್ಟಿಗೆ ಎತ್ತಿ, ಲ್ಯಾಬಿಗೆ ಕೊಟ್ಟು ಮನೆಗೆ ಹೋಗೋಣ... ಅಮ್ಮ ನಿಮ್ಮನ್ನ ನೋಡ್ಬೇಕಂತೆ."