ಡಬ್ಬಿಯೊಳಗಿನ ಕೂದಲು

“ಯಾವ ಸಲೂನಿನವ್ರು?” ಸಪ್ನಾ ತಲೆಯೆತ್ತದೆ ಕೇಳಿದಳು.

ಪುಣೆಯ ರವಿವಾರ ಪೇಠೆಯ ಆ ಸಣ್ಣ ಅಂಗಡಿಗೆ ವಸ್ತರಾ ಕೇಳಿಕೊಂಡು ಬರುವವರೆಲ್ಲ ಸಲೂನಿನವರೇ. ಮಡಚಿಡುವ ಉದ್ದ ಅಲಗಿನ ಕ್ಷೌರದ ಕತ್ತಿ ಇನ್ಯಾರಿಗೆ ಬೇಕು? ಅವರಲ್ಲೂ ಹೆಚ್ಚಿನವರು ಅರ್ಧ ಬ್ಲೇಡು ಸಿಕ್ಕಿಸುವ ಹಿಡಿಗೆ ಹೊರಳಿ ಆರೇಳು ವರ್ಷವಾಗಿತ್ತು.

“ಸಲೂನಿನವ್ರು ಇಂಥಾ ಗಡ್ಡ ಬಿಡ್ತಾರೇನ್ರಿ?”

ಆಗ ನೋಡಿದಳು. ಗಡ್ಡ ಬಿಟ್ಟದ್ದಲ್ಲ, ಬೆಳೆದುಬಿಟ್ಟದ್ದು. ಅದರ ಮೇಲೆ ಎರಡು ಕಣ್ಣು, ತಪ್ಪು ಮಾಡುವ ಮೊದಲೇ ಕ್ಷಮೆ ಕೇಳುವಂಥವು.

ಹೆಸರು ದೇವಾನಂದ. ದೇಹೂ ರೋಡಿನ ಮಿಲಿಟರಿ ಡಿಪೋದಲ್ಲಿ ಸ್ಟೋರ್‌ಕೀಪರ್. ಊರು ಇಂಡಿ ತಾಲೂಕಿನ ಕಡೆ. ಬ್ಲೇಡು ತಾಗಿದರೆ ಕುತ್ತಿಗೆ ತುಂಬ ಕೆಂಪು ಗುಳ್ಳೆ. ಡಾಕ್ಟರರು ಮೂರು ತಿಂಗಳು ಗಡ್ಡ ಬಿಡಿಸಿದ್ದರು. ಇನ್ನು ಮೇಲೆ ವಸ್ತರಾ ಹಿಡಿದು ನೋಡಿ ಎಂದು ಯಾರೋ ಹೇಳಿದ್ದರು.

“ಹಂಗಾರ ಒಂದ್ ಛಲೋದು ಕೊಡ್ರಿ, ಹೊಂಟೆ.”

“ಇಲ್ಲಿ ಹಂಗ ಕೊಡಂಗಿಲ್ಲ,” ಎಂದು ಒಳಗಿನಿಂದ ಮಾವ ನಿಜಲಿಂಗಪ್ಪ ಹೇಳಿದರು. ಸಾಣೆಕಲ್ಲಿನ ಮುಂದೆ, ಚರ್ಮದ ಪಟ್ಟಿಯ ಪಕ್ಕದಲ್ಲಿ, ಯಾವಾಗಲೂ ಕೂರುವ ಜಾಗದಲ್ಲೇ ಕೂತಿದ್ದರು. “ಮೊದಲನೇ ವಸ್ತರಾ ಅಂದ್ರ ಮೂರು ಶನಿವಾರ. ಒಂದೊಂದು ವಾರ ಒಂದೊಂದು ಒಯ್ರಿ. ಹಗೂರದು, ಭಾರದು, ನಡುವಿಂದು. ಗಡ್ಡ ಸ್ವಲ್ಪ ಕತ್ತರಿಸಿ, ಒಂದ್ ಗಲ್ಲದ ಮ್ಯಾಲೆ ಮೆಲ್ಲಕ ಎಳೀರಿ. ಕೈಗೆ ಯಾವ್ದು ಹೊಂದ್ತದೋ ಅದು ನಿಮ್ಮದು.”

“ಹೆಣ್ಣು ನೋಡೂದು ಇದಕ್ಕಿಂತ ಲಗೂನ ಆಗ್ತದಲ್ರಿ, ಕಾಕಾ!”

ಸಪ್ನಾ ನಗಲಿಲ್ಲ. ಆದರೆ ಡಬ್ಬಿ ಕಟ್ಟುವಾಗ ದಾರ ಎರಡು ಸಲ ಜಾರಿತು.

*

ಅಂಗಡಿಯ ಗೋಡೆಯ ಮೇಲೆ ಅವಳ ಗಂಡ ಮಾಂತುವಿನ ಫೋಟೋ ಇತ್ತು. ಹಾರದ ಹೂ ಒಣಗಿದಾಗೆಲ್ಲ ಮಾವನೇ ಬದಲಿಸುತ್ತಿದ್ದರು. ಸೋಲಾಪುರ ರಸ್ತೆಯಲ್ಲಿ ಲಾರಿ ಉರುಳಿ ಮೂರು ವರ್ಷ. ಮೊದಲ ವರ್ಷ ಸಪ್ನಾಳಿಗೆ ಏನೂ ನೆನಪಿಲ್ಲ. ಧಾರವಾಡದಲ್ಲಿ ಓದಿದ ಎಂ.ಎ. ನೆನಪಿರಲಿಲ್ಲ, ಚಹಾಕ್ಕೆ ಸಕ್ಕರೆ ಹಾಕಿದ್ದೂ ನೆನಪಿರುತ್ತಿರಲಿಲ್ಲ.

ಎರಡನೆಯ ವರ್ಷ ಮಾವನ ಕಣ್ಣಿಗೆ ಮಬ್ಬು ಕವಿಯಿತು. ಅವರು ಯಾರಿಗೂ ಹೇಳಲಿಲ್ಲ, ಅವಳಿಗೂ. ಒಂದು ದಿನ ಅಲಗನ್ನು ಕಲ್ಲಿನ ಮೇಲೆ ತಲೆಕೆಳಗಾಗಿ ಇಟ್ಟರು. ಅವಳು ಅದನ್ನು ತೆಗೆದುಕೊಂಡು ತಾನೇ ತಿಕ್ಕತೊಡಗಿದಳು. ಅವರು ಬಾಯಲ್ಲಿ ಮಾತ್ರ ತಿದ್ದಿದರು: “ಅಲಗಿನ ಬೆನ್ನು ಏಳಬಾರದು. ಸಪ್ಪಳ ಕೇಳು.”

ಕಾರ್ಖಾನೆಯಿಂದ ಬಂದ ವಸ್ತರಾಕ್ಕೆ ಹೊಳಪಿರುತ್ತದೆ, ಹರಿತ ಇರುವುದಿಲ್ಲ. ಆ ಧಾರ ಹಚ್ಚುವುದೇ ಈ ಅಂಗಡಿಯ ಕೆಲಸ. ಬಾಗಿಲು ಅರ್ಧ ಎಳೆದು ಅವಳು ಕಲ್ಲಿಗೆ ಹಚ್ಚುತ್ತಿದ್ದಳು. ಕೊನೆಗೆ ತಲೆಯಿಂದ ಒಂದು ಕೂದಲು ಕಿತ್ತು ಅಲಗಿನ ಮೇಲೆ ಇಳಿಬಿಡುತ್ತಿದ್ದಳು. ತಾಗಿದೊಡನೆ ಎರಡಾದರೆ ಕೆಲಸ ಮುಗಿಯಿತು. ಆ ಒಂದು ಗಳಿಗೆಯಲ್ಲಿ ಮಾತ್ರ ತಾನು ಬದುಕಿದ್ದೇನೆ ಅನ್ನಿಸುತ್ತಿತ್ತು.

ಊರಿಗೆಲ್ಲ ಅದು ನಿಜಲಿಂಗಪ್ಪನವರ ಕೈ. ಅದು ಹಾಗೇ ಇರಬೇಕಿತ್ತು. ಏಕನಾಥನಂಥ ಹಳೆಯ ಸಲೂನಿನವರು ಮದುಮಗನ ಕ್ಷೌರದ ವಸ್ತರಾ ತರುವುದು ಇಲ್ಲಿಗೇ. ಅದಕ್ಕೆ ಗಂಡ ಸತ್ತವಳ ಕೈ ತಾಗಿದೆ ಎಂದು ತಿಳಿದರೆ? ಯಾರೂ ಏನೂ ಅಂದಿರಲಿಲ್ಲ. ಅನ್ನುವ ಅವಕಾಶವನ್ನೇ ಅವಳು ಕೊಟ್ಟಿರಲಿಲ್ಲ. ಈ ಕಲ್ಲು ಹೋದರೆ ಅವಳಿಗೆ ಇನ್ನೇನಿತ್ತು?

*

ಎರಡನೆಯ ಶನಿವಾರ ದೇವಾನಂದನ ಬಲಗೆನ್ನೆಯ ಮೇಲೆ ಸಣ್ಣ ಪ್ಲಾಸ್ಟರಿತ್ತು.

“ಹಗೂರದು ಜಾರತದ್ರಿ.”

“ವಸ್ತರಾ ಜಾರಿಲ್ಲ. ನೀವು ಕನ್ನಡಿ ಬಿಟ್ಟು ಬ್ಯಾರೆ ಎಲ್ಲೋ ನೋಡೀರಿ.”

“ಕನ್ನಡ್ಯಾಗ ನೋಡುವಂಥಾದ್ದು ಏನದ್ರಿ?” ಎಂದು ಅವನು ಅವಳತ್ತ ನೋಡಿದ. ಸುಮ್ಮನೆ, ಅರೆಗಳಿಗೆ. ಅವಳು ಭಾರದ ವಸ್ತರಾದ ಡಬ್ಬಿಯನ್ನು ಅವನ ಕೈಗೆ ತುರುಕಿ, ಒರೆಸಿದ ಗಾಜನ್ನೇ ಮತ್ತೆ ಒರೆಸಿದಳು.

ಆ ವಾರ ಅವಳಿಗೆ ಒಂದು ಕಡೆ ಕೂರಲಾಗಲಿಲ್ಲ. ಕೋಥರೂಡಿನ ಮನೆಗೆ ಹೋಗುವ ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಹೋದಳು. ಅತ್ತೆ ಬಸವಣ್ಣೆವ್ವ, “ಯಾಕವ್ವಾ, ಕಾಲಾಗ ಇರಿವಿ ಬಿಟ್ಟಾರೇನು?” ಎಂದರು. ನಡುವಿನ ವಸ್ತರಾವನ್ನು ಬುಧವಾರ ತಿಕ್ಕಿದಳು, ಗುರುವಾರ ತಿಕ್ಕಿದಳು, ಶುಕ್ರವಾರ ಏನೂ ಕಾರಣವಿಲ್ಲದೆ ತಿಕ್ಕಿದಳು. ಈ ಡಬ್ಬಿ ಕೊಟ್ಟರೆ ಮೂರು ಮುಗಿದವು. ಆಮೇಲೆ ಅವನು ಆರಿಸುತ್ತಾನೆ, ಹೋಗುತ್ತಾನೆ. ಅವನು ಹೋಗಲಿ ಎಂದೇ ಬಯಸಿದಳು. ಬಯಸಿ, ಮತ್ತೆ ಕಲ್ಲಿಗೆ ನೀರು ಹಾಕಿದಳು.

*

ಮೂರನೆಯ ಶನಿವಾರ ಅವನು ಬಂದಾಗ ಏಕನಾಥ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಬಟ್ಟೆಯಲ್ಲಿ ಸುತ್ತಿದ ಅವನ ನಾಲ್ಕು ವಸ್ತರಾ ಕಟ್ಟೆಯ ಮೇಲಿದ್ದವು.

“ಅಣ್ಣಾಂದು ಕೈ ಅಂದ್ರ ಕೈ!” ಏಕನಾಥ ನಿಜಲಿಂಗಪ್ಪನವರತ್ತ ಕೈ ತೋರಿಸಿ ಹೊಸಬನಿಗೆ ಹೇಳಿದ. “ಇಡೀ ಪುಣ್ಯಾದಾಗ ಹುಡುಕ್ರಿ, ಸಿಗಂಗಿಲ್ಲ.”

“ಖರೇ ಅದ,” ಅಂದ ದೇವಾನಂದ. ಉತ್ಸಾಹದಲ್ಲಿ ಡಬ್ಬಿ ತೆರೆದ. “ಆದ್ರ ಕಾಕಾ, ನಿಮ್ಮ ವಸ್ತರಾದ ಜೋಡಿ ಇದೂ ಬಂದಿತ್ತು ನೋಡ್ರಿ.”

ಮಡಚಿದ ಕಾಗದ ಬಿಡಿಸಿದ. ಒಂದು ಕೂದಲು. ಮೊಳಕ್ಕಿಂತ ಉದ್ದ, ಕಪ್ಪು, ತುದಿಯಲ್ಲಿ ನುಣ್ಣಗೆ ಕತ್ತರಿಸಿದ್ದು.

ಏಕನಾಥ ಕೂದಲು ನೋಡಿದ. ನಿಜಲಿಂಗಪ್ಪನವರ ಬೋಳು ತಲೆ ನೋಡಿದ. ಚಹಾದ ಕಪ್ಪನ್ನು ಕೆಳಗಿಟ್ಟ.

ದೇವಾನಂದನಿಗೆ ತಾನೇನೋ ಕೆಡಿಸಿದೆ ಎಂದು ಆಗಷ್ಟೇ ಹೊಳೆಯಿತು. ಕಾಗದ ಮುಚ್ಚಿದ. ತಡವಾಗಿತ್ತು.

“ಅದು ನಂದು,” ಅಂದಳು ಸಪ್ನಾ. ದನಿ ತನ್ನದೇ ಹೌದೋ ಅಲ್ಲವೋ ಅನ್ನಿಸಿತು. “ಧಾರ ನಾ ಹಚ್ತೀನಿ. ಎರಡು ವರ್ಷಾತು. ನಿಮ್ಮವೂ ನಾನ ಹಚ್ಚೀನಿ, ಏಕನಾಥಣ್ಣಾ.”

ಹೊರಗೆ ಟೆಂಪೋ ಒಂದು ಹಾರ್ನು ಹಾಕುತ್ತಲೇ ಇತ್ತು. ಏಕನಾಥ ಎದ್ದ, ತನ್ನ ಬಟ್ಟೆಗಂಟು ಎತ್ತಿಕೊಂಡ, ಮೆಟ್ಟಿಲಿಳಿದು ಹೋದ.

ಮಾವ ಕಲ್ಲಿನ ಮೇಲೆ ಕೈಯಿಟ್ಟು ಹಾಗೇ ಕೂತಿದ್ದರು.

“ನಾ ಬಾಯಿ ತೆಗೀಬಾರದಿತ್ರಿ,” ಅಂದ ದೇವಾನಂದ.

“ಹೌದು, ತೆಗೀಬಾರದಿತ್ತು. ಯಾವ್ದು ಬೇಕು ಹೇಳ್ರಿ, ತಗೊಂಡ್ ಹೋಗ್ರಿ. ಮೂರನೇದು ನೋಡೂದು ಬ್ಯಾಡ.”

“ಮೊದಲನೇದು.”

“ಅದು ಜಾರತದ ಅಂದ್ರಿ?”

“ಮೊದಲನೇ ದಿನ ಹಿಡದಾಗನ ಗೊತ್ತಾಗಿತ್ರಿ ಅದ ನಂದಂತ. ಮೂರು ಶನಿವಾರ ಬರಾಕ ಸಿಗ್ತದಂತ ಜಾರತದ ಅಂದೆ.” ಅವನ ಕಿವಿ ಕೆಂಪಾಗಿತ್ತು. “ಕೂದಲಾ ನಿಮ್ಮದು ಅಂತ ಗೊತ್ತಿತ್ತು. ಅದರ ಮ್ಯಾಲೆ ಧಾರ ತಪಾಸಾ ಮಾಡ್ತೀರಿ ಅಂತ ಗೊತ್ತಿದ್ದಿಲ್ಲ. ತಲಿ ಬಾಚಿದಾಗ ಬಿದ್ದದ್ದು ಅನ್ಕೊಂಡೆ. ಕಾಕಾನ್ನ ಚ್ಯಾಷ್ಟಿ ಮಾಡೂಣಂತ ತಂದೆ. ಇಲ್ಲಾಂದ್ರ ವಾಪಸ್ ಕೊಡ್ತಿದ್ದಿಲ್ಲ.”

“ಕೊಡದ ಏನ್ ಮಾಡ್ತಿದ್ರಿ?”

ಅವನು ಕಾಗದವನ್ನು ಅಂಗಿಯ ಕಿಸೆಗೆ ಸೇರಿಸಿದ.

ಸಪ್ನಾ ಗೋಡೆಯತ್ತ ಗದ್ದ ತಿರುಗಿಸಿದಳು. “ಆ ಫೋಟೋ ನೋಡೀರಿಲ್ಲೋ?”

“ಮೊದಲನೇ ಶನಿವಾರನ ನೋಡೀನ್ರಿ. ಪ್ರತಿ ಸಲ ಮನಸಿನಾಗ ಕೈ ಮುಗದು ಒಳಗ ಬಂದೀನಿ.”

ಅವಳು ಸಿಟ್ಟು ಮಾಡಬೇಕಿತ್ತು. ಮೂರು ವರ್ಷದಿಂದ ಸಿಟ್ಟು ಕೂಡ ಬಂದಿರಲಿಲ್ಲ. ಈಗ ಬಂತು, ಅದರ ಹಿಂದೆಯೇ ಇನ್ನೇನೋ ಬಂತು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಏಕನಾಥ. ಬಟ್ಟೆಗಂಟನ್ನು ಮತ್ತೆ ಕಟ್ಟೆಯ ಮೇಲಿಟ್ಟ.

“ಚೌಕದ ತನಕ ಹೋಗಿ ವಿಚಾರ ಮಾಡಿದೆ, ವೈನಿ. ಎರಡು ವರ್ಷದ ಲಗ್ನದ ಹಂಗಾಮಿನಾಗ ನನ್ನ ಕೈಯಾಗ ಒಬ್ಬ ಮದುಮಗನ ಗಲ್ಲಾನೂ ಹರದಿಲ್ಲ.” ಸ್ವಲ್ಪ ತಡೆದ. “ಕರಿ ಹಿಡಿಕಿ ವಸ್ತರಾ ಸೋಮವಾರಕ್ಕ ಬೇಕು. ಲಗ್ನ ಅದ. ಅಣ್ಣಾ, ನೀನೂ ಭಲೇ ನಾಟಕದವ!”

ಉತ್ತರಕ್ಕೆ ಕಾಯದೆ ಹೊರಟುಹೋದ.

ಸಪ್ನಾ ಗಂಟಿನ ಮೇಲೆ ಅಂಗೈಯಿಟ್ಟು ನಿಂತಳು. ಮಾವ ಗಂಟಲು ಸರಿಮಾಡಿಕೊಂಡರು.

“ಆರಿಸಿದವ್ರು ಇಲ್ಲೇ ಕುಂತು ಒಂದ್ ಗಲ್ಲ ತಗದು ತೋರಿಸ್ಬೇಕು. ಅದೂ ನಮ್ಮ ಪದ್ಧತಿ.”

ಅಂಥ ಪದ್ಧತಿ ಇದ್ದದ್ದು ಸಪ್ನಾಳಿಗೆ ಗೊತ್ತಿರಲಿಲ್ಲ.

ದೇವಾನಂದ ಕನ್ನಡಿಯ ಮುಂದೆ ಕೂತ. ಬಲಗೆನ್ನೆ ನೋವಿದೆ ಎಂದು ಎಡಗೆನ್ನೆಗೆ ನೊರೆ ಹಚ್ಚಿಕೊಂಡ. ವಸ್ತರಾ ಬಿಡಿಸಿ ಹಿಡಿದ.

“ಇದಕ್ಕ ಧಾರ ಎಷ್ಟು ದಿನಕ್ಕೊಮ್ಮೆ ಹಚ್ಚಿಸ್ಬೇಕ್ರಿ?”

“ಆರು ತಿಂಗಳಿಗೊಮ್ಮೆ.”

“ಭಾಳ ದೂರ ಆತಲ್ರಿ.”

“ದಿನಾ ಚರ್ಮದ ಪಟ್ಟಿಗೆ ತಿಕ್ಕಬೇಕು.”

“ಅದು ನನಗ ಬರಂಗಿಲ್ಲ. ಯಾರರ ದಿನಾ ಜೋಡಿ ಇದ್ದು ಕಲಿಸ್ಬೇಕು.” ಕನ್ನಡಿಯೊಳಗಿನಿಂದ ಅವನ ಕಣ್ಣು ಅವಳನ್ನೇ ನೋಡುತ್ತಿದ್ದವು. ಈ ಸಲ ಅವುಗಳಲ್ಲಿ ನಗೆ ಇರಲಿಲ್ಲ. “ಕಲಿಸ್ತೀರೇನ್ರಿ? ಅವಸರಿಲ್ಲ. ಮೂರು ಶನಿವಾರಲ್ಲ, ಮೂವತ್ತು ಬರ್ತೀನಿ.”

ಸಪ್ನಾ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಹೌದು ಎನ್ನುವುದು ಬಾಯಿಗೆ ಬರದೆ ಮಾವನತ್ತ ತಿರುಗಿದಳು.

“ಮಾವಾರ, ಇವ್ರು ಹಿಡಿಯೂದು ಬರೋಬ್ಬರಿ ಅದ ಏನು, ಸ್ವಲ್ಪ ನೋಡ್ರಿ.”

ನಿಜಲಿಂಗಪ್ಪ ಸ್ಟೂಲನ್ನು ಮೆಲ್ಲಗೆ ಬೀದಿಯ ಕಡೆ ತಿರುಗಿಸಿಕೊಂಡರು.

“ನನಗೇನು ಕಾಣ್ತದವ್ವಾ?” ಅಂದರು. “ಎರಡು ವರ್ಷಾತು ಕಣ್ಣು ಹೋಗಿ. ನೀನ ನೋಡಿಕೋ.”

ಆ ಮಾತನ್ನು ಅವರು ಎಂದೂ ಬಾಯಿಬಿಟ್ಟು ಆಡಿರಲಿಲ್ಲ.

ಸಪ್ನಾ ಅವನ ಬೆನ್ನ ಹಿಂದೆ ಬಂದು ನಿಂತಳು. ಎಡಗೈ ಬೆರಳಿಂದ ಅವನ ಕೆನ್ನೆಯನ್ನು ಮೇಲಕ್ಕೆ ಎಳೆದು, ಬಲಗೈಯಿಂದ ವಸ್ತರಾ ತೆಗೆದುಕೊಂಡಳು.

“ಅಲುಗಾಡಬ್ಯಾಡ್ರಿ.”

ಅಲುಗುತ್ತಿದ್ದುದು ಅವಳ ಕೈ. ಅದು ನಿಲ್ಲುವ ತನಕ ಇಬ್ಬರೂ ಕಾದರು.