ಕ್ಯಾಲೆಂಡರಿನ ಉಗ್ರಾಣ

"ಪಾಂಡವಪುರದಲ್ಲಿ ಈ ವರ್ಷ ಯಾರೂ ಮದ್ವೆ ಆಗಲ್ವಂತಾ?" ಎಂದ ಧರ್ಮೇಂದ್ರ, ಕಂಪ್ಯೂಟರಿನ ಖಾಲಿ ಕ್ಯಾಲೆಂಡರ್ ನೋಡಿ.

ಅವನ ತುಟಿಯಂಚಿನಲ್ಲಿ ನಗು. ನನಗೋ ಅಳು ಒತ್ತಿ ಬರುತ್ತಿತ್ತು. ಹಾಳಾದವನು, ಆ ನಗು ಚೆಂದ ಬೇರೆ ಇತ್ತು.

ತೊಂಬತ್ತೇಳನೇ ಇಸವಿಯ ಆಷಾಢ. ನಮ್ಮಪ್ಪ ಚಲುವಯ್ಯನವರು ಕಲ್ಯಾಣ ಮಂಟಪ ನಡೆಸುತ್ತಿದ್ದರು. ಅದರ ಬುಕಿಂಗಿಗೆಂದು ಕಂಪ್ಯೂಟರ್ ತಂದು, ಬಿ.ಕಾಂ. ಮುಗಿಸಿ ಮನೆಯಲ್ಲಿದ್ದ ನನ್ನನ್ನು ಅದರ ಮುಂದೆ ಕೂರಿಸಿದ್ದರು. ಮೆಟ್ಟಿಲ ಕೆಳಗಿನ ಕೋಣೆ, ಕಿಟಕಿ ಇಲ್ಲ, ಬಾಗಿಲಿಗೆ ಅಡ್ಡವಾಗಿ ಅಪ್ಪನ ಕುರ್ಚಿ. ಹೊಣಕೆರೆಯ ಗಂಡಿನವರು ನನ್ನನ್ನು ನೋಡಿ ಒಪ್ಪಿಕೊಂಡು ಹೋದ ಮೇಲಂತೂ ಆ ಕುರ್ಚಿ ದಾಟಿ ಬಸ್‌ಸ್ಟ್ಯಾಂಡಿಗೂ ಹೋಗುವಂತಿರಲಿಲ್ಲ. ದಿನವಿಡೀ ಬೇರೆಯವರ ಮದುವೆಗಳನ್ನು ಟೈಪ್ ಮಾಡುತ್ತಾ ಉಸಿರುಗಟ್ಟಿ ಕೂತಿರುತ್ತಿದ್ದೆ.

ಆ ಕೋಣೆಗೆ ಹೊರಗಿನ ಗಾಳಿ ತರುತ್ತಿದ್ದವನು ಒಬ್ಬನೇ, ಶ್ರೀರಂಗಪಟ್ಟಣದಿಂದ ಕಂಪ್ಯೂಟರ್ ಸರ್ವಿಸಿಗೆ ಬರುತ್ತಿದ್ದ ಧರ್ಮೇಂದ್ರ.

"ನಿನ್ನೆ ತಂಕ ಎಲ್ಲಾ ಇತ್ತು ಕಣಪ್ಪಾ," ಅಪ್ಪ ಕುರ್ಚಿಯಿಂದಲೇ ಕೂಗಿದರು. "ಶ್ರಾವಣದ್ ಬುಕಿಂಗ್ ಒಂದೂ ಕಾಣ್ತಿಲ್ಲ. ಎರಡ್ ಮನೇರು ಒಂದೇ ದಿನ ಬಂದ್ ನಿಂತ್ಕಂಡ್ರೆ ನನ್ ಮರ್ವಾದೆ ಏನಾಯ್ತದೆ?"

"ಬಂದ್ಬುಡ್ತವೆ ಬುಡಿ ಯಜಮಾನ್ರೆ."

ಮೌಸಿಗೆ ಕೈ ಚಾಚಿದಾಗ ಅವನ ಬೆರಳು ನನ್ನ ಬಳೆಗೆ ತಾಗಿತು. ಕೂಡಲೇ ಹಿಂದೆ ಸರಿಯಲೂ ಇಲ್ಲ. ನಾನೂ ಕೈ ತೆಗೆಯಲಿಲ್ಲ.

ಹೋದ ಸಲ ಬಂದಾಗ ಅವನೇ ಕಲಿಸಿದ್ದ. "ಸೆಟ್ಟಿಂಗ್ಸ್ ಒಂದ್ ಕಡೆ, ಡೇಟಾ ಇನ್ನೊಂದ್ ಕಡೆ. ಸೆಟ್ಟಿಂಗ್ಸ್ ಫೈಲು ನಿಮ್ಮ ಅಡುಗೆ ಭಟ್ರು ಇದ್ದಂಗೆ, ಡೇಟಾ ಫೈಲು ಉಗ್ರಾಣ. ಭಟ್ರಿಗೆ ಬೇರೆ ರೂಮು ತೋರ್ಸಿದ್ರೆ, ಸಾಮಾನೆಲ್ಲಾ ಇದ್ರೂ ಖಾಲಿ ಅಂತ ವಾಪಸ್ ಬರ್ತಾರೆ."

ಈಗ ವಿಂಡೋಸ್ ಫೋಲ್ಡರಿನಲ್ಲಿದ್ದ ಆ ಸಣ್ಣ ಸೆಟ್ಟಿಂಗ್ಸ್ ಫೈಲು ತೆರೆದು ದನಿ ತಗ್ಗಿಸಿದ. "ಉಗ್ರಾಣದ ಅಡ್ರೆಸ್ಸು ಯಾರೋ ಬದಲಾಯ್ಸವ್ರೆ."

"ನಾನೇ."

"ಯಾಕೆ?"

"ನೀವು ಬರ್ಲಿ ಅಂತ."

ಅವನ ಕಿವಿ ಕೆಂಪಾಯಿತು. ಏನೂ ಕೇಳದವನಂತೆ ಕತ್ತು ಬಗ್ಗಿಸಿ, ಇನ್ನೊಂದು ಫೋಲ್ಡರಿನಲ್ಲಿ ಭದ್ರವಾಗಿದ್ದ ಹಳೆಯ ಡೇಟಾ ಫೈಲು ತೆರೆದು ನೋಡಿದ. ಶ್ರಾವಣದ ಒಂದು ಭಾನುವಾರ 'ನಮ್ಮನೆ' ಅಂತಿತ್ತು. ಮಂಟಪಕ್ಕೆ ಸುಣ್ಣ ಬಳಿಸಲು, ರಿಪೇರಿ ಮಾಡಿಸಲು ಅಪ್ಪ ಯಾರಿಗೂ ಕೊಡದೆ ಉಳಿಸಿಕೊಳ್ಳುವ ದಿನಗಳಿಗೆ ಹಾಗೆ ಬರೆಯುವುದು ರೂಢಿ. ಅದು ಅವನಿಗೂ ಗೊತ್ತಿತ್ತು.

"ಶ್ರಾವಣದಲ್ಲೂ ಸುಣ್ಣ ಬಳಿಸ್ತೀರಾ? ಆವತ್ತೂ ಬತ್ತೀನಿ ಬುಡಿ, ಕಂಪ್ಯೂಟರಿಗೆ ಧೂಳು ಕೂರ್ತದೆ," ಎಂದು ಕಣ್ಣಲ್ಲೇ ಕೆಣಕಿದ.

"ಸುಣ್ಣ ಅಲ್ಲ. ಅದು ನನ್ ಮದ್ವೆ. ಹೊಣಕೆರೆಯವರ ಜೊತೆ. ಅಪ್ಪ ಪಕ್ಕದಲ್ಲಿ ನಿಂತ್ಕಂಡು ನನ್ ಕೈಲೇ ಟೈಪ್ ಮಾಡ್ಸಿದ್ರು."

ಅವನ ಮುಖದ ನಗು ಇಳಿದುಹೋಯಿತು. ಮೌಸಿನಿಂದ ಕೈ ತೆಗೆದ. "ಇಂಗೇ ಬುಟ್ಬುಡ್ಲಾ? ಡೇಟಾ ಸಿಗಲಿಲ್ಲ ಅಂತ ಹೇಳ್ಬುಡ್ತೀನಿ," ಎಂದ.

ನನ್ನ ಮೇಲೆ ಪ್ರೀತಿಯಿದೆ ಎಂದು ಅವನು ಯಾವತ್ತೂ ಹೇಳಿರಲಿಲ್ಲ. ಇನ್ನು ಹೇಳಬೇಕಾಗಿಯೂ ಇರಲಿಲ್ಲ. ಎದೆ ತುಂಬಿ ಬಂತು.

"ಕಾಣದಂಗೆ ಮಾಡಿದ್ರೆ ಆ ದಿನ ಇಲ್ದಂಗಾಯ್ತದಾ?" ಎಂದೆ.

"ಇಲ್ಲ. ಒಳಗೆ ಇದ್ದಂಗೇ ಇರ್ತದೆ."

"ಹಂಗಾದ್ರೆ ಸರಿ ಮಾಡ್ಬುಡಿ. ಮಿಕ್ಕವರ ಮದ್ವೆಗಳು ಏನ್ ಪಾಪ ಮಾಡವೆ?"

ಮನಸ್ಸಿಲ್ಲದ ಮನಸ್ಸಿನಿಂದ ಅಡ್ರೆಸ್ಸು ತಿದ್ದಿದ. ಕ್ಯಾಲೆಂಡರ್ ಮುಚ್ಚಿ ತೆರೆದಾಗ ಶ್ರಾವಣ ತುಂಬಿಕೊಂಡಿತು. ನಾನು ಅಪ್ಪನನ್ನು ಕರೆದೆ. ಅಪ್ಪ ಕುರ್ಚಿ ಬಿಟ್ಟು ಬಂದು, ಬಗ್ಗಿ ನೋಡಿ, ದೊಡ್ಡದೊಂದು ಉಸಿರು ಬಿಟ್ಟರು.

ಅವರು ನೋಡುತ್ತಿರುವಂತೆಯೇ 'ನಮ್ಮನೆ' ಮೇಲೆ ಕ್ಲಿಕ್ ಮಾಡಿ ಡಿಲೀಟ್ ಒತ್ತಿದೆ. ಪರದೆಯ ನಡುವೆ ಸಣ್ಣ ಚೌಕವೊಂದು ಎದ್ದಿತು.

"ಏನವ್ವಾ ಅದು, ಏನೋ ಕೇಳಂಗದೆ?"

"ಖಂಡಿತಾ ತಾನೇ ಅಂತ ಕೇಳ್ತಾ ಅದೆ ಅಪ್ಪಾ. ನೀವು ಬರೆಸೋವಾಗ ನನ್ನ ಯಾರೂ ಕೇಳ್ಲಿಲ್ಲ."

ಅಪ್ಪನ ಮುಖ ಕಪ್ಪಿಟ್ಟಿತು. "ಮಾತ್ ಕೊಟ್ಬುಟ್ಟಿವ್ನಿ ಕಣೇ!"

"ನೀವು ಕೊಟ್ಟಿರೋದು. ನಾನಲ್ಲ."

ಅಪ್ಪ ಪರದೆಯ ಮುಂದೆಯೇ ನಿಂತಿದ್ದರು, ಬಾಗಿಲಲ್ಲಿ ಕುರ್ಚಿ ಖಾಲಿ ಇತ್ತು. ಧರ್ಮೇಂದ್ರ ಬ್ಯಾಗು ಎತ್ತಿಕೊಂಡು ಮೆಲ್ಲಗೆ ಜಾರಿಕೊಳ್ಳಬಹುದಿತ್ತು. ಅವನು ಬ್ಯಾಗನ್ನು ನೆಲಕ್ಕಿಟ್ಟು ಎದ್ದು ನಿಂತ.

"ಯಜಮಾನ್ರೆ, ಬೈಯೋದಾದ್ರೆ ನನ್ನೂ ಸೇರಿಸ್ಕಂಡ್ ಬೈರಿ," ಎಂದವನು ನನ್ನ ಕಡೆ ತಿರುಗಿದ. "ಚಲುವಾಂಬ ಅವ್ರೇ, ಈ ಕಂಪ್ಯೂಟರೇ ಕೇಳಿದ ಮೇಲೆ ನಾನೂ ಕೇಳ್ಬುಡ್ತೀನಿ. ನನ್ನ ಒಪ್ತೀರಾ?"

"ಇರಿ, ಮೊದ್ಲು ಇದಕ್ಕೆ ಉತ್ರ ಕೊಡ್ತೀನಿ," ಎಂದು 'ಎಸ್' ಒತ್ತಿದೆ. ಆಮೇಲೆ ಅಪ್ಪನ ಎದುರಿಗೇ ಅವನ ಕಡೆ ತಿರುಗಿದೆ.