ಬಲಗಾಲಿನ ಗೆಜ್ಜೆ

"ನನ್ನನ್ನ ಮುಟ್ಟಬೇಡಿ!"

ಅಭ್ಯಾಸದ ಕೊಠಡಿಯ ಮರದ ನೆಲದ ಮೇಲೆ ಕುಸಿದು ಕುಳಿತಿದ್ದ ನರ್ತಕಿಯ ಕೂಗಿಗೆ, ಅವಳನ್ನು ಎತ್ತಲು ಬಾಗಿದವನ ಕೈಗಳು ಅರ್ಧದಲ್ಲೇ ನಿಂತವು. ಧಡ್ ಎಂಬ ಸದ್ದು ಕೇಳಿ ಕೆಳಗಿನ ಮಹಡಿಯಿಂದ ಓಡಿಬಂದಿದ್ದ ಅವನು. ಐದು ತಿಂಗಳ ಬಳಿಕ ಇಬ್ಬರೂ ಎದುರುಬದುರಾದದ್ದು ಹೀಗೆ!

ಅವನು ಅವಳ ಗುರುಗಳ ಮಗ. ನೃತ್ಯಕ್ಕೆ ಕೈತಾಳ ಹಿಡಿದು, ಹೆಜ್ಜೆಗೆ ತಕ್ಕ 'ತಕಧಿಮಿ'ಯ ಜತಿ ಹೇಳುವವನು. ಅವಳ ಬಾಯಲ್ಲಿ 'ತಾಳಪ್ಪ'. ಮೂರು ವರ್ಷ ಅವನ ದನಿ ಏಳದೆ ಅವಳ ಪಾದ ಏಳುತ್ತಿರಲಿಲ್ಲ. ಮದುವೆಯ ಮಾತೂ ತುಟಿಯವರೆಗೆ ಬಂದಿತ್ತು...

"ಯಾವಾಗಿಂದ ಕಣೇ ನಾನು ನಿನಗೆ ಬಹುವಚನ ಆದೆ?"

"ಅಷ್ಟು ಜನರ ಮುಂದೆ ನನ್ನ ಮಾನ ಕಳೆದ್ರಲ್ಲ, ಆವತ್ತಿಂದ!"

ಆ ದಿನ ನೃತ್ಯತಂಡದ ಆಯ್ಕೆ ನಡೆದಿತ್ತು. ನಿಧಾನಗತಿಯ ಮೊದಲ ಕಾಲ, ಅದರ ದುಪ್ಪಟ್ಟು ವೇಗದ ಎರಡನೆಯ ಕಾಲ ಮುಗಿದು, ಅತಿವೇಗದ ಮೂರನೆಯ ಕಾಲಕ್ಕೆ ಅವಳು ಸಜ್ಜಾಗುತ್ತಿದ್ದಂತೆಯೇ ಅವನು ಜತಿಯನ್ನು ಮುಗಿಸಿಬಿಟ್ಟಿದ್ದ. 'ವೇಗ ಸಾಲದು' ಎಂದು ತೀರ್ಪುಗಾರರು ಬರೆದರು.

ಇಂದು ಮತ್ತೆ ಆಯ್ಕೆ, ಇದೇ ಕಟ್ಟಡದ ಕೆಳಮಹಡಿಯಲ್ಲಿ, ಇನ್ನೊಂದು ತಾಸಿನಲ್ಲಿ; ಜತಿ ಹೇಳುವವನು ಇಂದೂ ಅವನೇ. ಅವಳ ವಯಸ್ಸಿಗೆ ಇದೇ ಕೊನೆಯ ಅವಕಾಶ!

"ಮಂಡಿ ತೋರಿಸು."

"ಏನೂ ಆಗಿಲ್ಲ. ಜಾರಿದೆ, ಅಷ್ಟೆ."

"ಸುಳ್ಳು ಹೇಳೋಕೂ ಲಯ ಬೇಕು. ನಿನಗೆ ಬರಲ್ಲ ಬಿಡು. ಆವತ್ತೇ ಗೊತ್ತಾಯ್ತು. ಎಡಗಾಲಿನ ಗೆಜ್ಜೆ ಗಟ್ಟಿಯಾಗಿ ಕೇಳ್ತಿತ್ತು, ಬಲಗಾಲಿಂದು ಮೆತ್ತಗೆ. ಆ ಕಾಲು ನೀನು ಪೂರ್ತಿ ಊರ್ತಾನೇ ಇರಲಿಲ್ಲ. ಮೂರನೇ ಕಾಲ ಹೇಳಿದ್ರೆ ಅಲ್ಲೇ ಬೀಳ್ತಿದ್ದೆ..."

'ಇನ್ನು ಕಾಲು ತಟ್ಟಿ ಕುಣಿದರೆ ಮೆಟ್ಟಿಲು ಹತ್ತುವುದೂ ಕಷ್ಟ' ಎಂದ ವೈದ್ಯೆಯ ಮಾತನ್ನು ಅವಳು ಹೆತ್ತ ತಾಯಿಗೂ ಹೇಳಿರಲಿಲ್ಲ!

ಸತ್ಯ ತಿಳಿದು ಅವಳ ಕೋಪ ಇಳಿಯಿತೇ? ಇಲ್ಲ, ಇಳಿಯಬೇಕಾಗಿಯೂ ಇರಲಿಲ್ಲ. ಪ್ರೀತಿಸುತ್ತೇನೆಂಬ ಕಾರಣಕ್ಕೆ, ಒಬ್ಬಳ ಬದುಕಿನ ದುಡಿಮೆಯನ್ನು ಅವಳನ್ನು ಕೇಳದೆ ನಿಲ್ಲಿಸುವ ಹಕ್ಕು ಯಾರಿಗಿದೆ? ಕರುಣೆಯಿಂದ ಮಾಡಿದರೂ ಅನ್ಯಾಯ ಅನ್ಯಾಯವೇ.

"ಒಂದು ಮಾತು ಹೇಳಬಹುದಿತ್ತಲ್ಲ! ಇನ್ನೊಬ್ಬಳನ್ನ ತಂಡಕ್ಕೆ ಸೇರಿಸೋಕೆ ನನ್ನ ತುಳಿದ್ರಿ ಅಂತ ಐದು ತಿಂಗಳು ಅತ್ತಿದ್ದೀನಿ!"

"ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಮನೆಗೇ ಬರಬೇಕಿತ್ತು... ಧೈರ್ಯ ಸಾಲಲಿಲ್ಲ. ನಿನ್ನ ಕೇಳದೆ ನಿಲ್ಲಿಸಿದ್ದು ತಪ್ಪು. ನನ್ನದೇ ತಪ್ಪು."

"ಇನ್ನು ಕುಣಿದ್ರೆ ಮೆಟ್ಟಿಲು ಹತ್ತೋದೂ ಕಷ್ಟ ಅಂದ್ರು ಡಾಕ್ಟರು. ಕಾಲಿಲ್ಲದ ಮೇಲೆ ನಾನು ಯಾರು? ಹೇಳು!" ಅವಳು ಎರಡೂ ಕೈಗಳಿಂದ ನೆಲ ಬಡಿದಳು. "ಏಳು ವರ್ಷದವಳಿದ್ದಾಗಿಂದ ಇದೊಂದೇ ಮಾಡಿರೋದು. ನನಗೆ ಬೇರೇನೂ ಬರಲ್ಲ ಕಣೋ!"

ಅವನು ಎದುರಿಗೆ ಕುಳಿತು ಕೈತಾಳ ಎತ್ತಿಕೊಂಡ.

"ಇವತ್ತು ನೀನು ಹೇಳಿದ ಹಾಗೆ. ಮೂರನೇ ಕಾಲ ಬೇಕು ಅಂದ್ರೆ ಹೇಳ್ತೀನಿ, ಎದೆ ಒಡೆದ್ರೂ ಹೇಳ್ತೀನಿ. ಆದ್ರೆ ಆಮೇಲೆ ನಿನ್ನ ಮೆಟ್ಟಿಲು ಹತ್ತಿಸೋಕೆ ನಾನೇ ಇರಬೇಕು. ಬೇರೆ ಯಾರೂ ಅಲ್ಲ. ಜನ್ಮಪೂರ್ತಿ."

ಕನ್ನಡಿಯಲ್ಲಿ ಅವಳು ತನ್ನನ್ನೇ ಬಹಳ ಹೊತ್ತು ನೋಡಿಕೊಂಡಳು. ಬಳಿಕ ಬಲಗಾಲಿನ ಗೆಜ್ಜೆ ಬಿಚ್ಚಿ, ಅವನ ಮಡಿಲಲ್ಲಿಟ್ಟಳು.

"ಕೂತೇ ಅಭಿನಯ ಮಾಡ್ತೀನಿ. ಬರೀ ಕಣ್ಣು, ಕೈ. ವಿರಹದ ಪದ... ಐದು ತಿಂಗಳು ಅಭ್ಯಾಸ ಆಗಿದೆ."

"ಅವರು ತಗೊಳ್ಳಲಿಲ್ಲ ಅಂದ್ರೆ?"

"ಜೋರಾಗಿ ಅಳ್ತೀನಿ. ನೀನು ತಾಳ ಹಾಕು, ತಾಳಪ್ಪ."

ಅವನ ಕಣ್ಣು ತುಂಬಿತು. "ಎಲ್ಲಿ ನಿಲ್ಲಿಸಲಿ?"

"ನಾನು ಹೇಳೋವರೆಗೂ ನಿಲ್ಲಿಸಬೇಡ."